ರಾಣಿಪುರದ ಚಳಿಯಲ್ಲಿ ಎರಡು ರಾತ್ರಿ ಮಲಗಿ ನೋಡಿದ ಟೆಂಟ್

ನನ್ನದು ಕಾಸರಗೋಡಿನ ಬದಿಯಡ್ಕದ ಹತ್ತಿರ ಹೊಲಿಗೆ ಅಂಗಡಿ. 18 ವರ್ಷದಿಂದ ಮೆಷಿನ್ ತುಳಿಯುತ್ತಿದ್ದೇನೆ. ಟೆಂಟಿನ ಪೆಟ್ಟಿಗೆ ಮನೆಗೆ ಬಂದ ದಿನ ಏಳು ವರ್ಷದ ಮಗಳೂ ಮೂರೂವರೆಯ ಪುಟ್ಟನೂ ಕಂಬ ಹಿಡಿದುಕೊಂಡು ಜಗಲಿಯಿಡೀ ಓಡಾಡುತ್ತಿದ್ದರು. ನಾನು ಬಟ್ಟೆಯ ಒಳಮೈ ತಿರುಗಿಸಿ ಹೊಲಿಗೆ ನೋಡುತ್ತ ಕೂತಿದ್ದೆ. ಕಂಪೆನಿಯ ಹೆಸರು ಬರೆಯುವುದಿಲ್ಲ. ಆನ್‌ಲೈನಿನಲ್ಲಿ ಇದೇ ಅಳತೆಯ, ಹೆಚ್ಚುಕಮ್ಮಿ ಇದೇ ದರದ ಟೆಂಟುಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಯಾವುದನ್ನು ತೆಗೆದುಕೊಂಡರೂ ನೋಡಬೇಕಾದ ಜಾಗಗಳು ಇವೇ.

ಪೆಟ್ಟಿಗೆಯ ಮೇಲೆ ನಾಲ್ಕು ಜನರಿಗೆ ಎಂದು ಬರೆದಿತ್ತು. ₹5,400 ಕೊಟ್ಟೆ. ನೆಲದ ಅಳತೆ 240 ಸೆಂಟಿಮೀಟರ್ ಉದ್ದ, 210 ಅಗಲ, ನಡುವಿನ ಎತ್ತರ 130. ಟೇಪು ಹಿಡಿದು ನಾನೂ ಅಳೆದೆ, ಸರಿ ಇದೆ. ಆದರೆ ನಾಲ್ಕು ಜನ ಎಂಬ ಲೆಕ್ಕ ಹೇಗೆ ನೋಡಿ: 210ನ್ನು ನಾಲ್ಕು ಭಾಗ ಮಾಡಿದರೆ ಒಬ್ಬರಿಗೆ 52 ಸೆಂಟಿಮೀಟರ್. ನನ್ನ ಶರ್ಟಿನ ಶೋಲ್ಡರ್ 18 ಇಂಚು, ಅಂದರೆ ಸುಮಾರು 46. ಮಗ್ಗುಲು ಬದಲಿಸಲಿಕ್ಕೆ ಉಳಿಯುವುದು ಆರು ಸೆಂಟಿಮೀಟರ್. ದೊಡ್ಡವರು ಇಬ್ಬರು, ಚಿಕ್ಕ ಮಕ್ಕಳು ಇಬ್ಬರು ಆದರೆ ಹಿಡಿಯುತ್ತದೆ, ಬ್ಯಾಗುಗಳು ಹೊರಗೆ ಇರಬೇಕು. ನಾಲ್ಕು ಜನ ದೊಡ್ಡವರು ಇದರಲ್ಲಿ ಮಲಗುತ್ತೇವೆ ಎಂದು ತೆಗೆದುಕೊಂಡರೆ ಯಾರಾದರೂ ಒಬ್ಬರು ಕಾರಿನಲ್ಲಿ ಮಲಗಬೇಕಾದೀತು.

ಇನ್ನು ಹೊಲಿಗೆ. ಟೆಂಟಿನ ಬಟ್ಟೆಗೆ ನೀರು ತಡೆಯುವ ಲೇಪ ಇರುತ್ತದೆ. ನನ್ನದರಲ್ಲಿ 2000 ಮಿಲಿಮೀಟರ್ ಎಂದಿತ್ತು. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎರಡು ಮೀಟರ್ ಎತ್ತರ ಆಗುವ ತನಕ ಹನಿ ಕೆಳಗಿಳಿಯುವುದಿಲ್ಲ ಎಂದು ಅದರ ಅರ್ಥ. ಆದರೆ ಬಟ್ಟೆ ಎಷ್ಟು ಒಳ್ಳೆಯದಾದರೂ ಸೂಜಿ ಹೋದಲ್ಲೆಲ್ಲ ತೂತು ಆಗಿಯೇ ಆಗುತ್ತದೆ. ಇಂಚಿಗೆ ಎಂಟು ಹೊಲಿಗೆ ಎಂದರೆ ಇಂಚಿಗೆ ಎಂಟು ತೂತು. ಅದಕ್ಕಾಗಿಯೇ ಒಳಗಿನಿಂದ ಹೊಲಿಗೆಯ ಉದ್ದಕ್ಕೆ ಪಾರದರ್ಶಕ ಟೇಪು ಬಿಸಿ ಮಾಡಿ ಅಂಟಿಸುತ್ತಾರೆ. ಟೆಂಟು ತೆಗೆದುಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಟೇಪನ್ನು. ಬೆರಳಿನ ಉಗುರಿನಲ್ಲಿ ಮೆಲ್ಲ ಕೆರೆದು ನೋಡಿದೆ. ಎಲ್ಲ ಕಡೆ ಗಟ್ಟಿಯಾಗಿ ಕೂತಿತ್ತು, ಬಾಗಿಲಿನ ಎಡಗಡೆಯ ಮೂಲೆಯಲ್ಲಿ ಮಾತ್ರ ಎರಡು ಬೆರಳು ಅಗಲ ಎದ್ದಿತ್ತು. ಆಗಲೇ ಸರಿ ಮಾಡಬೇಕಿತ್ತು. ಹಗ್ಗ ಕಟ್ಟುವ ಬಳೆಗಳ ಬುಡದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಡೆದ ಹೊಲಿಗೆ ಇತ್ತು, ಒಳ್ಳೆಯ ಕೆಲಸ. ಗಾಳಿಯ ಎಳೆತ ಎಲ್ಲ ಬೀಳುವುದು ಅಲ್ಲಿಗೆ.

ಶಾಲೆಯ ಯೂನಿಫಾರಂ ಗಲಾಟೆ, ಓಣಂ, ದೀಪಾವಳಿ ಎಲ್ಲ ಕಳೆದು ನವೆಂಬರ್ ನಡುವಿಗೆ ತುಳುವಿನ ಜಾರ್ದೆ ತಿಂಗಳು ಹುಟ್ಟಿದ ಮೇಲೆ ನನಗೆ ಸ್ವಲ್ಪ ಪುರುಸೊತ್ತು. ವೃಶ್ಚಿಕ ಸಂಕ್ರಮಣದ ನಂತರದ ಶುಕ್ರವಾರ ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿದೆ. ಮಲೆನಾಡು ಹೆದ್ದಾರಿ ಹಿಡಿದು ಮುಳ್ಳೇರಿಯ, ಬಂದಡ್ಕ ದಾಟಿ ಕೋಳಿಚ್ಚಾಲಿಗೆ ಹೋಗಿ, ಪನತ್ತಡಿಯಿಂದ ಮೇಲೆ ಹತ್ತಿದೆವು. ರಾಣಿಪುರಕ್ಕೆ ಹಳೆಯ ಹೆಸರು ಮಾಡತ್ತುಮಲೆ. ಮೇಲಿನ ಹುಲ್ಲುಗಾವಲಿನ ಆಚೆಗೆ ಕೊಡಗಿನ ತಲಕಾವೇರಿಯ ಕಾಡು. ಆ ಹುಲ್ಲುಗಾವಲಿನಲ್ಲಿ ಟೆಂಟು ಹಾಕುವ ಹಾಗಿಲ್ಲ. ಅದು ಅರಣ್ಯ ಇಲಾಖೆಯ ಜಾಗ, ಟಿಕೆಟ್ ತೆಗೆದು ಹಗಲಿನಲ್ಲಿ ಹತ್ತಿ ಹಗಲಿನಲ್ಲೇ ಇಳಿಯಬೇಕು. ಆನೆ ಓಡಾಡುವ ಕಡೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಕಳೆಯುವ ಆಸೆ ನನಗೂ ಇರಲಿಲ್ಲ. ನನಗೆ ಬಟ್ಟೆಯ ವ್ಯವಹಾರದಲ್ಲಿ ಪರಿಚಯವಾದ ಒಬ್ಬರ ಮನೆ ಕೆಳಗಿನ ಇಳಿಜಾರಿನಲ್ಲಿ ಉಂಟು. ಅವರ ಅಂಗಳದ ಬದಿಯಲ್ಲಿ ಜಾಗ ಕೇಳಿದ್ದೆ. ಪಾಯಿಖಾನೆ ಹತ್ತಿರ, ಬಾವಿ ಹತ್ತಿರ, ನಾಯಿ ಒಂದು ಕಾವಲಿಗೆ. ಮಕ್ಕಳ ಮೊದಲ ಟೆಂಟಿಗೆ ಇದಕ್ಕಿಂತ ದೂರ ಹೋಗಬೇಡಿ ಎಂದೇ ನಾನು ಹೇಳುವುದು.

ನಾನು ಟೆಂಟು ಹಾಕಲಿಕ್ಕೆ ನೋಡಿಟ್ಟದ್ದು ತೋಟದ ಕೆಳಗಿನ ಸಮತಟ್ಟು ಜಾಗ. ಮನೆಯ ಚೇಟ್ಟನ್ (ಅಣ್ಣ) ನೋಡಿದವರೇ, "ಅವಿಡೆ ವೇಂಡ ಟೈಲರೇ, ತಣುಪ್ಪ್ ಕೂಡುಂ" ಎಂದರು. ಅಲ್ಲಿ ಬೇಡ, ತಗ್ಗಿನಲ್ಲಿ ಚಳಿ ಜಾಸ್ತಿ ಎಂದು. ತಣ್ಣನೆಯ ಗಾಳಿ ಭಾರ, ಗುಡ್ಡದಿಂದ ನೀರು ಇಳಿದ ಹಾಗೆ ಇಳಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಬಾವಿಯ ಮೇಲಿನ ಮೆಟ್ಟಿಲಲ್ಲಿ, ದನದ ಹಟ್ಟಿಯ ಗೋಡೆ ಗಾಳಿಗೆ ಅಡ್ಡ ಇರುವ ಜಾಗಕ್ಕೆ ಬದಲಾಯಿಸಿದೆವು. ಕಂಬ ಜೋಡಿಸಿ ನಿಲ್ಲಿಸಲಿಕ್ಕೆ ಇಬ್ಬರಿಗೆ 20 ನಿಮಿಷ ಸಾಕಾಯಿತು. ಫೈಬರ್ ಕಂಬಗಳು, ಒಳಗೆ ಎಲಾಸ್ಟಿಕ್ ದಾರ, ತಾನಾಗಿ ಬಂದು ಕೂರುತ್ತವೆ. ಮಗಳು ಒಂದೊಂದು ಗೂಟಕ್ಕೂ ಕಲ್ಲಿನಿಂದ ಕುಟ್ಟಿದಳು. ಗೂಟಗಳು ಮಾತ್ರ ತೀರಾ ಸಪೂರ. ಎರಡು ಬಾಗಿ ಹೋದವು. ಚೇಟ್ಟನ್ ಕೊಟ್ಟ ಅಡಿಕೆಯ ಸಲಾಕೆಯ ಗೂಟ ಅದಕ್ಕಿಂತ ಎಷ್ಟೋ ಗಟ್ಟಿ ನಿಂತಿತು.

ಸಂಜೆ ಐದೂವರೆಗೆ ಗುಡುಗು ಶುರುವಾಯಿತು. ತುಲಾ ತಿಂಗಳ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮುಕ್ಕಾಲು ಗಂಟೆ ಸರಿಯಾಗಿ ಹೊಡೆಯಿತು. ಗುಡುಗು ಮುಗಿಯುವ ತನಕ ನಾವೆಲ್ಲ ಮನೆಯ ಜಗಲಿಯಲ್ಲಿ ಕೂತು ಟೆಂಟನ್ನೇ ನೋಡುತ್ತಿದ್ದೆವು. ಸಿಡಿಲಿನ ಹೊತ್ತಿಗೆ ಟೆಂಟಿನೊಳಗೆ ಇರಬಾರದು, ಬಟ್ಟೆ ಯಾವ ರಕ್ಷಣೆಯೂ ಅಲ್ಲ. ಮಳೆ ಬಿಟ್ಟ ಮೇಲೆ ಟಾರ್ಚು ಹಿಡಿದು ಒಳಗೆ ಹೋಗಿ ಎಲ್ಲ ಹೊಲಿಗೆಯ ಮೇಲೂ ಕೈ ಆಡಿಸಿದೆ. ಬಾಗಿಲಿನ ಎಡ ಮೂಲೆ ಬಿಟ್ಟರೆ ಎಲ್ಲಿಯೂ ಒಂದು ಹನಿ ಇಲ್ಲ. ಆ ಮೂಲೆಯಲ್ಲಿ ಅಂಗೈಯಷ್ಟು ಒದ್ದೆ. ಆ ಮೂಲೆಯೊಂದು ಬಿಟ್ಟರೆ ಮಳೆಯ ವಿಷಯದಲ್ಲಿ ಈ ಟೆಂಟಿಗೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಮೂಲೆಯ ಟೇಪನ್ನು ಮನೆಗೆ ಬಂದ ಮೇಲೆ ಹತ್ತಿ ಬಟ್ಟೆ ಅಡ್ಡ ಇಟ್ಟು ಇಸ್ತ್ರಿ ಪೆಟ್ಟಿಗೆಯ ತೀರಾ ಕಡಿಮೆ ಬಿಸಿಯಲ್ಲಿ ಒತ್ತಿದೆ, ಕೂತುಕೊಂಡಿತು. ನೇರ ಇಸ್ತ್ರಿ ತಾಗಿಸಿದರೆ ಬಟ್ಟೆ ಕರಗಿ ಹೋದೀತು, ಜಾಗ್ರತೆ.

ರಾತ್ರಿ ಊಟಕ್ಕೆ ಆ ಮನೆಯ ಚೇಚಿ (ಅಕ್ಕ) ಬೇಯಿಸಿದ ಕಪ್ಪ (ಮರಗೆಣಸು), ಕಾಂತಾರಿ ಮೆಣಸಿನ ಚಟ್ನಿ. ಮಕ್ಕಳಿಗೆ ನಾವು ತಂದ ಗಂಜಿ, ತುಪ್ಪ, ಉಪ್ಪಿನಕಾಯಿ. ಒಂಬತ್ತಕ್ಕೆ ಒಳಗೆ ಹೊಕ್ಕೆವು.

ಮೊದಲ ರಾತ್ರಿ ನಾವು ಮಾಡಿದ್ದು ಎರಡು ತಪ್ಪು, ಎರಡೂ ಮಕ್ಕಳಿಗೆ ಚಳಿ ಆಗಬಾರದು ಎಂದೇ ಮಾಡಿದ್ದು. ಮೊದಲನೆಯದು, ಮೇಲಿನ ಗಾಳಿಕಿಂಡಿಗಳನ್ನು ಮುಚ್ಚಿದೆವು. ಎರಡನೆಯದು, ಹಣವೆಲ್ಲ ಮೇಲೆ ಹೊದೆಯುವುದಕ್ಕೆ ಹಾಕಿ ಕೆಳಗೆ ಹಾಸುವುದಕ್ಕೆ ಬರೀ ತೆಳು ಫೋಮ್ ಚಾಪೆ ತಂದಿದ್ದೆವು.

ಮಳೆ ಬಿಟ್ಟು ಆಕಾಶ ತೊಳೆದಿಟ್ಟ ಹಾಗೆ ಆಗಿತ್ತು. ಮೋಡ ಇಲ್ಲದ ರಾತ್ರಿಯಲ್ಲಿ ನೆಲದ ಬಿಸಿ ಎಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ನಾನು ತಂದಿದ್ದ ಥರ್ಮಾಮೀಟರು ಬೆಳಗ್ಗಿನ ಜಾವ ನಾಲ್ಕೂವರೆಗೆ 17 ಡಿಗ್ರಿ ತೋರಿಸಿತು. ಮಡಿಕೇರಿಯವರಿಗೆ ಇದು ಚಳಿಯೇ ಅಲ್ಲ. ವರ್ಷವಿಡೀ ಬೆವರುವ ನಮ್ಮ ಮಕ್ಕಳಿಗೆ ಅದು ದೊಡ್ಡ ಚಳಿ. ಒಂದೂವರೆಗೆ ಪುಟ್ಟ ಎದ್ದು ಕೂತು, "ಅಪ್ಪ, ನೆಲ ಚಳಿ" ಎಂದ. ಎರಡು ಕಂಬಳಿ ಮೇಲಿತ್ತು. ಬೆನ್ನಿಗೆ ಕೈ ಹಾಕಿ ನೋಡಿದರೆ ಬೆನ್ನು ಮಾತ್ರ ತಣ್ಣಗೆ. ಅವನು ಹೇಳಿದ್ದು ಅಕ್ಷರಶಃ ಸರಿ. ಬಿಸಿ ಹಿಡಿದಿಡುವುದು ಹತ್ತಿಯಾಗಲಿ, ಪಾಲಿಯೆಸ್ಟರ್ ತುಪ್ಪುಳವಾಗಲಿ ಅಲ್ಲ, ಅದರ ನಡುವೆ ಸಿಕ್ಕಿಕೊಂಡ ಗಾಳಿ. ಹಿಂಜಿದ ಹತ್ತಿಯ ಹಾಸಿಗೆ ಬೆಚ್ಚಗೆ, ಅದೇ ಹತ್ತಿ ವರ್ಷಗಟ್ಟಲೆ ಮಲಗಿ ಗಟ್ಟಿಯಾದರೆ ಹಲಗೆಯ ಹಾಗೆ. ಒಳಗೆ ಹೊಕ್ಕು ಮಲಗುವ ಸ್ಲೀಪಿಂಗ್ ಬ್ಯಾಗಿನ ಕೆಳಮೈ ನಮ್ಮ ಭಾರಕ್ಕೆ ಚಪ್ಪಟೆಯಾಗಿ ಬಿಡುತ್ತದೆ, ಗಾಳಿಗೆ ಜಾಗವೇ ಇಲ್ಲ. ಅಲ್ಲಿಂದ ಮತ್ತೆ ಒದ್ದೆ ನೆಲದ ತಂಪು ನೇರ ಬೆನ್ನಿಗೆ. ಹೆಂಡತಿ ಅವನನ್ನು ಎದೆಯ ಮೇಲೆ ಹಾಕಿಕೊಂಡು ಬೆಳಗಿನ ತನಕ ಹಾಗೆಯೇ ಮಲಗಿದಳು. ಅವಳಿಗೆ ನಿದ್ರೆ ಇಲ್ಲ.

ಅದೇ ಹೊತ್ತಿಗೆ ಮಗಳ ಸ್ಲೀಪಿಂಗ್ ಬ್ಯಾಗಿನ ಕಾಲ ಕಡೆ ಒದ್ದೆ ಆಗಿತ್ತು. ಮಳೆ ಸೋರಿತು ಎಂದು ನನಗೆ ಎದೆ ಧಸಕ್ಕೆಂದಿತು. ಟಾರ್ಚು ಹಾಕಿದರೆ ಇಡೀ ಗೋಡೆ ಬೆವತಿದೆ. ಸಾಸಿವೆ ಕಾಳಿನಷ್ಟು ಹನಿಗಳು, ಒತ್ತೊತ್ತಾಗಿ, ಒಂದಕ್ಕೊಂದು ತಾಗದ ಹಾಗೆ. ಮಗಳು ಎಚ್ಚರವಾದವಳು ಬೆರಳಿನಲ್ಲಿ ಅದರ ಮೇಲೆ "ಅ" ಬರೆದಳು. ಅಕ್ಷರದ ಬಾಲದಿಂದ ಹನಿಗಳು ಒಂದನ್ನೊಂದು ನುಂಗುತ್ತ ಗೆರೆಯಾಗಿ ಇಳಿದು ನೆಲದ ಅಂಚಿಗೆ ಹೋಗಿ ನಿಂತವು. ಅದು ನಮ್ಮದೇ ಉಸಿರಿನ ನೀರು. ನಾಲ್ಕು ಜನ ರಾತ್ರಿಯಿಡೀ ಮುಚ್ಚಿದ ಡಬ್ಬಿಯಲ್ಲಿ ಉಸಿರಾಡಿದರೆ ಒಂದೆರಡು ಲೋಟ ನೀರಾದರೂ ಆಗುತ್ತದೆ, ಹೊರಗೆ ತಣ್ಣಗಿರುವ ಬಟ್ಟೆಗೆ ತಾಗಿದ ಕೂಡಲೆ ಹನಿಗಟ್ಟುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಟೆಂಟಿನ ಮೇಲಿನ ಬಲೆಯ ಕಿಂಡಿ ಇಟ್ಟದ್ದೇ ಇದಕ್ಕೆ. ಎಷ್ಟು ಚಳಿ ಇದ್ದರೂ ಅದನ್ನು ಮುಚ್ಚಬೇಡಿ. ಮಕ್ಕಳ ತಲೆಯೂ ಕಾಲೂ ಗೋಡೆಗೆ ತಾಗದ ಹಾಗೆ ಅಡ್ಡಕ್ಕೆ ಮಲಗಿಸಿ.

ಜಿಪ್ಪಿನ ಕಥೆಯೂ ಆ ರಾತ್ರಿಯದ್ದೇ. ಚಿಕ್ಕ ಮಕ್ಕಳು ಇದ್ದರೆ ರಾತ್ರಿ ಬಾಗಿಲು ಎಷ್ಟು ಸಲ ತೆಗೆಯಬೇಕು ಎಂದು ಟೆಂಟು ಮಾಡುವವರು ಲೆಕ್ಕ ಹಾಕುತ್ತಾರೋ ಇಲ್ಲವೋ. ನಾವು ಐದು ಸಲ ತೆಗೆದೆವು. ಐದನೆಯ ಸಲ ಜಿಪ್ಪು ಎಳೆಯುವ ರನ್ನರ್ ಮುಂದೆ ಹೋಯಿತು, ಹಿಂದೆ ಜಿಪ್ಪು ಬಾಯಿ ಬಿಟ್ಟುಕೊಂಡೇ ಉಳಿಯಿತು. ಹಲ್ಲು ಹಾಳಾಗಿಲ್ಲ, ರನ್ನರಿನ ಎರಡು ತುಟಿಗಳ ನಡುವಿನ ಸಂದು ಅಗಲ ಆಗಿದೆ, ಹಲ್ಲುಗಳನ್ನು ಒತ್ತಿ ಕೂಡಿಸುವ ಬಲ ಅದಕ್ಕಿಲ್ಲ. ಪ್ಯಾಂಟಿನ ಜಿಪ್ಪು ಹಿಡಿದುಕೊಂಡು ದಿನಕ್ಕೆ ಒಬ್ಬರಾದರೂ ನನ್ನಲ್ಲಿಗೆ ಇದೇ ದೂರಿಗೆ ಬರುತ್ತಾರೆ. ಆದರೆ ಅದು ವರ್ಷಗಟ್ಟಲೆ ಸವೆದ ಜಿಪ್ಪು. ಇದು ಟೆಂಟು ಮೊದಲ ಸಲ ನಿಲ್ಲಿಸಿ ಹತ್ತು ಗಂಟೆ ಆಗಿರಲಿಲ್ಲ. ಕಾರಿನಿಂದ ಇಕ್ಕುಳ ತಂದು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ರನ್ನರಿನ ಹಿಂಭಾಗದ ಎರಡು ಬದಿಯನ್ನೂ ಒಂದೊಂದಾಗಿ ಮೆಲ್ಲ ಒತ್ತಿದೆ. ಒಂದೇ ಸಲ ಜೋರಾಗಿ ಒತ್ತಿದರೆ ಒಡೆದು ಹೋಗುತ್ತದೆ. ಒತ್ತಿದ ಮೇಲೆ ಹಲ್ಲಿಗೆ ಮೇಣದ ಬತ್ತಿ ಉಜ್ಜಿ ಎಳೆದೆ, ಕೂಡಿತು. ಹೊಲಿಗೆ ಗೊತ್ತಿಲ್ಲದವರು ಆ ಹೊತ್ತಿನಲ್ಲಿ, ಆ ಚಳಿಯಲ್ಲಿ, ಮಗು ಅಳುತ್ತಿರುವಾಗ ಏನು ಮಾಡಬೇಕು? ಇಷ್ಟು ಒಳ್ಳೆಯ ಬಟ್ಟೆ, ಇಷ್ಟು ಒಳ್ಳೆಯ ಟೇಪು ಹಾಕಿ ಕೆಲವೇ ರೂಪಾಯಿಯ ರನ್ನರಿನಲ್ಲಿ ಉಳಿತಾಯ ಮಾಡಿದ್ದಾರೆ ಎಂಬುದು ನನಗೆ ನಿಜವಾಗಿ ಬೇಸರದ ವಿಷಯ. ಟೆಂಟು ತೆಗೆದುಕೊಳ್ಳುವವರು ಅಂಗಡಿಯಲ್ಲೇ ಬಾಗಿಲನ್ನು 20 ಸಲ ಎಳೆದು ನೋಡಿ, ಆನ್‌ಲೈನಾದರೆ ಬಂದ ದಿನವೇ ಎಳೆದು ನೋಡಿ.

ಬೆಳಗ್ಗೆ ಕಟ್ಟನ್ ಕಾಪಿ (ಹಾಲಿಲ್ಲದ ಕಾಫಿ) ಕುಡಿಯುತ್ತ ಹೆಂಡತಿ ತಾಯಿಗೆ ಫೋನು ಮಾಡಿ ರಾತ್ರಿಯ ಅವಸ್ಥೆ ಹೇಳಿದಳು. ಅತ್ತೆ, "ಒಂದು ಮಣ್ಣಿನ ಚಟ್ಟಿಯಲ್ಲಿ ಕೆಂಡ ಹಾಕಿ ಮಕ್ಕಳ ಕಾಲ ಹತ್ತಿರ ಇಡಿ ಮಗಾ, ಬಾಣಂತಿ ಕೋಣೆಯಲ್ಲಿ ಇಡುತ್ತಿರಲಿಲ್ಲವಾ?" ಎಂದರು. ಅವರ ಪ್ರೀತಿ ನನಗೆ ಗೊತ್ತು. ಆದರೆ ಇದನ್ನು ಓದುವ ಯಾರೂ, ದಯವಿಟ್ಟು, ಟೆಂಟಿನೊಳಗೆ ಕೆಂಡ ಇಡಬೇಡಿ, ಗ್ಯಾಸ್ ಒಲೆ ಹಚ್ಚಬೇಡಿ. ಹಳೆಯ ಅಂಗಡಿಯಲ್ಲಿ ನಾನು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡಿದ್ದೆ. ಮಳೆಗಾಲದಲ್ಲಿ ಬಾಗಿಲು ಹಾಕಿ ಕೆಲಸ ಮಾಡಿದ ದಿನ ತಲೆ ಸಿಡಿಯುತ್ತಿತ್ತು, ಒಮ್ಮೆ ವಾಂತಿಯೂ ಆಯಿತು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳದೆಯೇ ಹೋಗಿಬಿಡಬಹುದು. ಬಾಣಂತಿ ಕೋಣೆಗೆ ಹೆಂಚಿನ ಮಾಡು ಇತ್ತು, ಸಂದಿನಿಂದ ಗಾಳಿ ಆಡುತ್ತಿತ್ತು. ಟೆಂಟು ಲೇಪ ಹಾಕಿದ ಬಟ್ಟೆ. ಕಿಡಿ ಹಾರಿದರೆ ಸುಡುವ ಮೊದಲು ಕರಗಿ ಮೈಗೆ ಅಂಟಿಕೊಳ್ಳುವ ಜಾತಿ.

ಹಗಲು ಗುಡ್ಡ ಹತ್ತಿದ್ದನ್ನು ಹೆಚ್ಚು ಬರೆಯುವುದಿಲ್ಲ. ಪುಟ್ಟ ಅರ್ಧ ದಾರಿ ನಡೆದ, ಉಳಿದರ್ಧ ನನ್ನ ಹೆಗಲ ಮೇಲೆ. ಕಾಡಿನ ನೆರಳಲ್ಲಿ ಇಂಬಳ (ಜಿಗಣೆ) ಇದ್ದವು. ನಮ್ಮ ಮಗಳು ಶಾಲೆಯಲ್ಲಿ ಕಲಿತ ಮಲಯಾಳದಲ್ಲಿ "ಅಟ್ಟ, ಅಟ್ಟ" ಎಂದು ಕುಣಿದಳು. ಸಾಕ್ಸಿನ ಒಳಗೆ ಪ್ಯಾಂಟು ತೂರಿಸಿ, ಉಪ್ಪಿನ ಪೊಟ್ಟಣ ಕಿಸೆಯಲ್ಲಿ ಇಟ್ಟುಕೊಂಡರೆ ಸಾಕು. ಮೇಲೆ ಹುಲ್ಲಿನಲ್ಲಿ ಮಂಜು ನಮ್ಮ ಮೊಣಕಾಲಿನ ಎತ್ತರದಲ್ಲಿ ಓಡುತ್ತಿತ್ತು, ಮಕ್ಕಳು ಅದನ್ನು ಹಿಡಿಯಲಿಕ್ಕೆ ಹಿಂದೆ ಓಡಿದರು. ಆ ಒಂದು ಹೊತ್ತಿಗಾಗಿ ಮತ್ತೆ ಹೋಗುತ್ತೇನೆ.

ಎರಡನೆಯ ರಾತ್ರಿಗೆ ನಾನು ಹಟ್ಟಿಗೆ ಹೋಗಿ ಚೇಟ್ಟನ್ ಹತ್ತಿರ ಒಣ ಬೈಹುಲ್ಲು ಕೇಳಿದೆ. ನಾಲ್ಕು ಸೂಡಿ ಕೊಟ್ಟರು. ಟೆಂಟಿನ ನಾಲ್ಕು ಮೂಲೆಯ ಗೂಟ ಕಿತ್ತು, ನೆಲಕ್ಕೆ ಹಳೆಯ ಟಾರ್ಪಾಲು, ಅದರ ಮೇಲೆ ಒಂದು ಗೇಣು ದಪ್ಪ ಬೈಹುಲ್ಲು, ಅದರ ಮೇಲೆ ಟೆಂಟು. ಹುಲ್ಲು ಟೆಂಟಿನ ಹೊರಗೇ ಉಳಿದದ್ದರಿಂದ ಮಕ್ಕಳಿಗೆ ತುರಿಕೆ ಇಲ್ಲ. ಟಾರ್ಪಾಲಿನ ಅಂಚನ್ನು ಟೆಂಟಿನ ಅಡಿಗೆ ಮಡಚಿದೆ, ಹೊರಗೆ ಚಾಚಿಕೊಂಡಿದ್ದರೆ ಮಳೆಯ ನೀರು ಅದರ ಮೇಲೆ ನಿಂತು ಒಳಗೆ ಬರುತ್ತದೆ. ಫೋಮ್ ಚಾಪೆಯ ಕೆಳಗೆ ಚೇಚಿ ಕೊಟ್ಟ ಅಡಿಕೆ ಹಾಳೆಗಳನ್ನೂ ಹರಡಿದೆವು, ಆದರೆ ಮಗ್ಗುಲು ಬದಲಿಸಿದಾಗಲೆಲ್ಲ ಪರಪರ ಸದ್ದು, ಪುಟ್ಟ ನಗುತ್ತ ನಿದ್ರೆ ಮಾಡಲೇ ಇಲ್ಲ. ಹಾಳೆ ತೆಗೆದೆವು.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಎರಡು ಸಂಖ್ಯೆ ಇರುತ್ತದೆ, ನಮ್ಮದರಲ್ಲಿ 15 ಮತ್ತು 10. ಹಾಯಾಗಿ ನಿದ್ರೆ ಬರುವುದು ಮೊದಲನೆಯ ಡಿಗ್ರಿಯ ತನಕ. ಎರಡನೆಯದು ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಗಡಿ. ಎರಡೂ ದೊಡ್ಡವರ ಮೈಗೆ ಹಾಕಿದ ಲೆಕ್ಕ. ಮಕ್ಕಳಿಗೆ ನಂಬಬೇಡಿ. ದೊಡ್ಡವರ ಬ್ಯಾಗಿನಲ್ಲಿ ಮಗು ಮಲಗಿದರೆ ಕಾಲ ಕೆಳಗೆ ಎರಡಡಿ ಖಾಲಿ ಉಳಿಯುತ್ತದೆ, ಆ ಖಾಲಿಯನ್ನೂ ಆ ಸಣ್ಣ ಮೈಯೇ ಬಿಸಿ ಮಾಡಬೇಕು. ನಾನು ಎರಡು ಲಾಡಿ ತಂದಿದ್ದೆ. ಮಗಳ ಬ್ಯಾಗಿನ ಕೆಳಗಿನ ಮೂರನೇ ಒಂದು ಭಾಗವನ್ನು ಮಡಚಿ, ಅಡಿಗೆ ತಿರುಗಿಸಿ, ಲಾಡಿಯಲ್ಲಿ ಬಿಗಿದೆ. ಅವಳ ಉದ್ದಕ್ಕೆ ಸರಿಯಾಗಿ ಆಯಿತು. ಮಡಚಿದ್ದು ಕಾಲಿನ ಅಡಿಗೆ ದಿಂಬಿನ ಹಾಗೂ ಆಯಿತು. ಮಲಗುವ ಮೊದಲು ಇಬ್ಬರಿಗೂ ಹಗಲಿನ ಬೆವರು ಹಿಡಿದ ಬನಿಯನು ತೆಗೆದು ಒಣಗಿದ್ದು ತೊಡಿಸಿದೆವು, ತಲೆಗೆ ಟೊಪ್ಪಿ. ಮೇಲಿನ ಎರಡು ಕಿಂಡಿಯೂ ಪೂರ್ತಿ ತೆರೆದಿಟ್ಟೆ.

ಆ ರಾತ್ರಿಯೂ ಥರ್ಮಾಮೀಟರು 17ಕ್ಕೇ ಇಳಿಯಿತು. ಪುಟ್ಟ ಒಂದು ಸಲ ಮೂತ್ರಕ್ಕೆ ಎದ್ದದ್ದು ಬಿಟ್ಟರೆ ಆರೂವರೆಯ ತನಕ ನಿದ್ರೆ. ಗೋಡೆಯಲ್ಲಿ ತೇವ ಇತ್ತು, ಹನಿ ಇಲ್ಲ. ಮಗಳು ಬೆರಳಿನಲ್ಲಿ ಬರೆಯಲಿಕ್ಕೆ ನೋಡಿ, "ಇವತ್ತು ಬರುವುದಿಲ್ಲ ಅಪ್ಪ" ಎಂದು ಮುಖ ಸಣ್ಣ ಮಾಡಿದಳು.

ಇನ್ನು ತೆಗೆದುಕೊಳ್ಳಬಹುದೇ ಎಂದು ಕೇಳುವವರಿಗೆ: ಇಬ್ಬರು ಮಕ್ಕಳ ಸಂಸಾರಕ್ಕೆ, ವರ್ಷಕ್ಕೆ ಎರಡು ಮೂರು ಸಲ, ಮನೆ ಹತ್ತಿರ ಇರುವ ಕಡೆ ಹಾಕುವುದಾದರೆ ತೆಗೆದುಕೊಳ್ಳಬಹುದು. ಬಟ್ಟೆಗೂ ಹೊಲಿಗೆಗೂ ₹5,400 ದುಬಾರಿ ಅಲ್ಲ. ಆದರೆ ಇದರ ಮೇಲೆ ಇನ್ನೂ ಸಾವಿರ ಖರ್ಚು ಮಾಡಲಿಕ್ಕೆ ಇದ್ದರೆ ಕಂಬಳಿಗೆ ಹಾಕಬೇಡಿ, ದಪ್ಪದ ಚಾಪೆಗೆ ಹಾಕಿ. ರನ್ನರಿನ ಫೋಟೋ ತೆಗೆದು ಮಾರಿದವರಿಗೆ ಕಳಿಸಿದ್ದೆ. ವಾಪಸು ಕೊಡುವ ಏಳು ದಿನದ ಗಡುವು ಮುಗಿದಿದೆ ಎಂದು ಒಂದು ಸಾಲಿನ ಉತ್ತರ ಬಂತು. ದೀಪಾವಳಿಗೆ ತರಿಸಿಟ್ಟು ಜಾರ್ದೆಯಲ್ಲಿ ಹಾಕಿ ನೋಡಿದರೆ ಅದು ಯಾರಿಗಾದರೂ ಆಗುವುದೇ. ಕೊನೆಗೆ ಟೆಂಟಿನ ಅದೇ 5 ನಂಬರಿನ ಕಾಯಿಲ್ (ಸುರುಳಿ ಹಲ್ಲಿನ) ಜಿಪ್ಪಿಗೆ ಹೊಂದುವ ಎರಡು ರನ್ನರ್ ನಾನೇ ಹಾಕಿದೆ. ಯಾವ ಊರಿನ ಟೈಲರಾದರೂ ಹಾಕಿ ಕೊಡುತ್ತಾರೆ, ಕೇಳಿ.

ಭಾನುವಾರ ಮಧ್ಯಾಹ್ನ ಒದ್ದೆ ಟೆಂಟನ್ನೇ ಸುತ್ತಿ ತಂದಿದ್ದೆವು. ಹಾಗೆಯೇ ಇಟ್ಟರೆ ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಹಾಗೆಯೇ ಇಡುತ್ತ ಹೋದರೆ ಲೇಪವೂ ಜಿಡ್ಡಾಗಿ ಸುಲಿದು ಬರುತ್ತದೆ. ಬಿರುಬಿಸಿಲಿಗೆ ಹಾಕಿದರೂ ಬಟ್ಟೆಗೆ ಆಯುಸ್ಸು ಕಡಿಮೆ. ಅಂಗಳ ತುಂಬ ಅಡಿಕೆ ಒಣ ಹಾಕಿದ್ದರಿಂದ ಬದಿಯ ಮಾವಿನ ಮರದ ನೆರಳಲ್ಲಿ ಟೆಂಟು ನಿಲ್ಲಿಸಿ, ಬಾಗಿಲು ಕಿಂಡಿ ಎಲ್ಲ ತೆರೆದಿಟ್ಟೆ. ಸಂಜೆ ಮಡಚಲಿಕ್ಕೆ ಹೋದರೆ ಆಗಲಿಲ್ಲ. ಪುಟ್ಟ ಒಳಗೆ ಬರೀ ನೆಲದ ಮೇಲೆ ಅಂಗಾತ ನಿದ್ರೆ ಹೋಗಿದ್ದ. ಮರುದಿನ ಬೆಳಗ್ಗೆ ಮಡಚಿದೆ.